10⁰ ಯಾಕೆ 1? ಬಿಂದು ಎತ್ತ ಸರಿಸಬೇಕು?

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ. ಘಾತಾಂಕದ (ಸಂಖ್ಯೆಯ ತಲೆಯ ಮೇಲೆ ಬರೆಯುವ ಪುಟ್ಟ ಅಂಕೆಯ) ನಿಯಮಗಳು ಬಾಯಿಪಾಠ ಆಗಿವೆ, ಆದರೂ ಲೆಕ್ಕಕ್ಕೆ ಕೂತಾಗ ಕೂಡಬೇಕೋ ಗುಣಿಸಬೇಕೋ ಗೊತ್ತಾಗುವುದಿಲ್ಲ. 10⁰ ಯಾಕೆ 1 ಅನ್ನುವುದು ಒಪ್ಪಿಗೆಯಾಗಿಲ್ಲ. 0.00045 ತರಹದ ಸಂಖ್ಯೆಯನ್ನು 10ರ ಘಾತ ಹಾಕಿ ಬರೆಯಬೇಕಾದರೆ ದಶಮಾಂಶ ಬಿಂದುವನ್ನು ಎತ್ತ ಸರಿಸುವುದು ಅಂತ ಪ್ರತಿ ಸಲ ಗೊಂದಲ.

ಶಾಲೆಯಲ್ಲಿ ನನಗೂ ಇದೇ ಆಗಿತ್ತು. ನಿಯಮಗಳನ್ನು ಸುಮ್ನೆ ಉರು ಹೊಡೆದಿದ್ದೆ. ಮೇಲೆ ಬರೆಯುವ ಆ ಪುಟ್ಟ ಅಂಕೆ ಬರೀ ಎಣಿಕೆ ಅಂತ ಹೊಳೆದ ದಿನ ಎಲ್ಲ ಸಲೀಸಾಯಿತು. 2⁵ ಅಂದರೆ ಐದು 2ಗಳನ್ನು ಒಂದಕ್ಕೊಂದು ಗುಣಿಸಿದ್ದು. 2³ ಅಂದರೆ ಮೂರು 2ಗಳನ್ನು ಗುಣಿಸಿದ್ದು. ಎರಡನ್ನೂ ಗುಣಿಸಿದರೆ ಒಟ್ಟು ಎಷ್ಟು 2ಗಳು ಸಾಲಾಗಿ ನಿಂತವು? ಎಂಟು. ಹಾಗಾಗಿ 2⁸. ಕೂಡುವುದು ಯಾಕೆ ಅಂದರೆ ನಾವು ಎಣಿಸುತ್ತಿದ್ದೇವೆ, ಅಷ್ಟೇ.

ಈ ನಿಯಮವನ್ನು ನೀವು ದಿನಾ ಬಾಯಲ್ಲಿ ಆಡುತ್ತೀರಿ. ಲಕ್ಷ ಅಂದರೆ 10⁵. ಕೋಟಿ ಅಂದರೆ 10⁷. ‘ಲಕ್ಷ ಕೋಟಿ’ ಅಂದಾಗ ಎರಡನ್ನೂ ಗುಣಿಸಿದಂತೆ. 5ಕ್ಕೆ 7 ಸೇರಿ 10¹². ಒಂದರ ಮುಂದೆ ಹನ್ನೆರಡು ಸೊನ್ನೆ. ‘ಸಾವಿರ ಕೋಟಿ’ ಅಂದರೆ 3 ಮತ್ತು 7, ಅಂದರೆ 10¹⁰. ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಗುಣಿಸುವುದು ಯಾವಾಗ? ಗುಂಪುಗಳು ಬಂದಾಗ. (2³)² ಅಂದರೆ ಮೂರು 2ಗಳ ಗುಂಪು, ಅಂಥವು ಎರಡು. ಒಟ್ಟು ಆರು 2ಗಳು, 2⁶. ಭಾಗಿಸುವಾಗ ಕೆಳಗಿರುವಷ್ಟು ಮೇಲಿನಿಂದ ಹೊಡೆದುಹೋಗುತ್ತವೆ, ಅದಕ್ಕೇ ಕಳೆಯುವುದು. ಇನ್ನೊಂದು ಎಚ್ಚರಿಕೆ: 2³ + 2⁴ ಅನ್ನು 2⁷ ಅಂತ ಬರೆಯಬೇಡಿ. 8 + 16 ಆಗುವುದು 24, ಆದರೆ 2⁷ ಅಂದರೆ 128. ಮಧ್ಯದಲ್ಲಿ ಪ್ಲಸ್ ಇದ್ದರೆ ಸಾಲೇ ಬೇರೆ ಬೇರೆ, ಒಟ್ಟಿಗೆ ಎಣಿಸುವಂತಿಲ್ಲ.

ಈಗ 10⁰. 10³ ಅಂದರೆ 1000. 10² ಅಂದರೆ 100. 10¹ ಅಂದರೆ 10. ಘಾತಾಂಕ ಒಂದು ಇಳಿದಾಗಲೆಲ್ಲ ಸಂಖ್ಯೆ 10ರಿಂದ ಭಾಗವಾಗುತ್ತಿದೆ, ಅಲ್ವಾ? ಹಾಗೇ ಇನ್ನೊಂದು ಮೆಟ್ಟಿಲು ಇಳಿಯಿರಿ. 10ನ್ನು 10ರಿಂದ ಭಾಗಿಸಿದರೆ 1. ಅದೇ 10⁰. ಅಲ್ಲೇ ನಿಲ್ಲಬೇಕಿಲ್ಲ. ಮತ್ತೆ ಇಳಿದರೆ 10⁻¹ ಅಂದರೆ 0.1, 10⁻² ಅಂದರೆ 0.01. ಮೈನಸ್ ಘಾತ ಬಂದರೆ ಸಂಖ್ಯೆಯೇ ಋಣ ಆಗುತ್ತದೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಇಲ್ಲ. ಅದು ಚಿಕ್ಕದಾಗುತ್ತದೆ, ಆದರೆ ಸೊನ್ನೆಗಿಂತ ಮೇಲೇ ಇರುತ್ತದೆ. ಇದೇ ಮೆಟ್ಟಿಲು 2, 7, ಯಾವ ಸಂಖ್ಯೆಗಾದರೂ ನಡೆಯುತ್ತದೆ, ಆಧಾರ, ಅಂದರೆ ಕೆಳಗಿನ ದೊಡ್ಡ ಅಂಕೆ, ಸೊನ್ನೆ ಆಗಿರಬಾರದು ಅಷ್ಟೇ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವಲ್ಲ.

ಇನ್ನು ಬಿಂದುವಿನ ವಿಷಯ. ತೀರಾ ದೊಡ್ಡ, ತೀರಾ ಚಿಕ್ಕ ಸಂಖ್ಯೆಗಳನ್ನು 10ರ ಘಾತ ಹಾಕಿ ಚುಟುಕಾಗಿ ಬರೆಯುವುದೇ ವೈಜ್ಞಾನಿಕ ರೂಪ. ಅದಕ್ಕೆ ಒಂದೇ ಕಟ್ಟಳೆ: ಮೊದಲು ಬರೆಯುವ ಸಂಖ್ಯೆ 1 ಅಥವಾ ಅದಕ್ಕಿಂತ ಜಾಸ್ತಿ, ಆದರೆ 10ಕ್ಕಿಂತ ಕಡಿಮೆ ಇರಬೇಕು. ಅದರ ಪಕ್ಕದಲ್ಲಿ 10ರ ಘಾತ. ಎಡವೋ ಬಲವೋ ಅನ್ನುವುದನ್ನು ನೆನಪಿಟ್ಟುಕೊಳ್ಳಲು ಹೋಗಬೇಡಿ. ತಕ್ಕಡಿ ಅಂದುಕೊಳ್ಳಿ. 0.00045 ಅನ್ನು 4.5 ಮಾಡಿದಿರಿ. ಅಂದರೆ ಅದನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿದಿರಿ. ಬೆಲೆ ಬದಲಾಗಬಾರದು, ಹಾಗಾಗಿ ಪಕ್ಕದ ಘಾತ ಅಷ್ಟೇ ಕುಗ್ಗಿಸಬೇಕು: 4.5 × 10⁻⁴. ದೊಡ್ಡ ಸಂಖ್ಯೆಗೆ ತಿರುಗುಮುರುಗು. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಅದನ್ನು ಕುಗ್ಗಿಸಿ ಸುಮಾರು 3 ಮಾಡಿದರೆ ಪಕ್ಕದಲ್ಲಿ 10⁸ ಬರುತ್ತದೆ. ಕೊನೆಗೆ ಒಂದು ನೋಟ ಸಾಕು: ಮೂಲ ಸಂಖ್ಯೆ 1ಕ್ಕಿಂತ ಚಿಕ್ಕದಿದ್ದರೆ ಘಾತ ಮೈನಸ್ಸೇ ಆಗಿರಬೇಕು.

ಇದರ ರುಚಿ ಹತ್ತುವುದು ಲೆಕ್ಕ ಮಾಡಿದಾಗ. ಸೂರ್ಯ ನಮ್ಮಿಂದ ಸುಮಾರು 1.5 × 10¹¹ ಮೀಟರ್ ದೂರ. ಬೆಳಕು ಬರಲು ಎಷ್ಟು ಹೊತ್ತು? ದೂರವನ್ನು ಬೆಳಕಿನ ವೇಗ 3 × 10⁸ರಿಂದ ಭಾಗಿಸಬೇಕು. 1.5ನ್ನು 3ರಿಂದ ಭಾಗಿಸಿ, 0.5. 11ರಲ್ಲಿ 8 ಕಳೆಯಿರಿ, 3. ಉತ್ತರ 0.5 × 10³. ಆದರೆ 0.5 ಕಟ್ಟಳೆಗೆ ಒಗ್ಗುವುದಿಲ್ಲ. ಅದನ್ನು 5 ಮಾಡಿ, ಘಾತವನ್ನು ಒಂದು ಇಳಿಸಿ: 5 × 10². 500 ಸೆಕೆಂಡು, ಅಂದರೆ 8 ನಿಮಿಷ 20 ಸೆಕೆಂಡು. ಕ್ಯಾಲ್ಕುಲೇಟರ್ ಮುಟ್ಟಲೇ ಇಲ್ಲ!

ಕೂಡುವ ಲೆಕ್ಕ ಬಂದರೆ ಮಾತ್ರ ಮೊದಲು ಘಾತ ಒಂದೇ ಮಾಡಿಕೊಳ್ಳಿ. 3 × 10⁵ಕ್ಕೆ 2 × 10⁴ ಸೇರಿಸಬೇಕಾದರೆ ಮೊದಲನೆಯದನ್ನು 30 × 10⁴ ಅಂತ ಬರೆಯಿರಿ. ಒಟ್ಟು 32 × 10⁴, ಅಂದರೆ 3.2 × 10⁵.

ಒಂದನ್ನು ನಿಮಗೇ ಬಿಡುತ್ತೇನೆ. ಪ್ರೋಟಾನಿನ ದ್ರವ್ಯರಾಶಿ 1.67 × 10⁻²⁷ ಕಿಲೋಗ್ರಾಂ, ಎಲೆಕ್ಟ್ರಾನಿನದು 9.11 × 10⁻³¹. ಪ್ರೋಟಾನ್ ಎಷ್ಟು ಪಟ್ಟು ಭಾರ? −27ರಲ್ಲಿ −31 ಕಳೆಯುವಾಗ ನಿಧಾನಿಸಿ. ಉತ್ತರ 1,800ರ ಆಸುಪಾಸು ಬಂದರೆ ಸರಿಯಿದೆ. ಬರದಿದ್ದರೆ ನೀವು ಮಾಡಿದ ಸಾಲುಗಳನ್ನು ಇಲ್ಲೇ ಕೆಳಗೆ ಬರೆಯಿರಿ, ಎಲ್ಲಿ ಜಾರಿತು ಅಂತ ಒಟ್ಟಿಗೆ ನೋಡೋಣ.