ಕೇಬಲ್ ಡಿಜಿಟಲೀಕರಣ: ಗಡುವು ಮತ್ತೆ ಮುಂದಕ್ಕೆ, ಓದುಗರ ಪ್ರಶ್ನೆಗಳಿಗೆ ಉತ್ತರ

ಓದುಗರ ಅಂಕಣ, ಜನವರಿ 2017

ಕೇಬಲ್ ಟಿ.ವಿ.ಯನ್ನು ಸಂಪೂರ್ಣವಾಗಿ ಡಿಜಿಟಲ್ ವ್ಯವಸ್ಥೆಗೆ ತರುವ ಗಡುವನ್ನು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2016ರ ಡಿಸೆಂಬರ್ 22ರಂದು ಮತ್ತೊಮ್ಮೆ ಮುಂದೂಡಿತು. ನಗರ ಮತ್ತು ಪಟ್ಟಣಗಳು ಸೇರಿರುವ ಮೂರನೇ ಹಂತಕ್ಕೆ 2017ರ ಜನವರಿ 31ರವರೆಗೆ, ಹಳ್ಳಿಗಳು ಸೇರಿರುವ ನಾಲ್ಕನೇ ಹಂತಕ್ಕೆ ಮಾರ್ಚ್ 31ರವರೆಗೆ ಕಾಲಾವಕಾಶ ದೊರೆಯಿತು. ಆ ಬಳಿಕ ನಮಗೆ ಬಂದ ಪತ್ರಗಳಲ್ಲಿ ಬಹುಪಾಲು ಇದೇ ವಿಷಯದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: 2015ರ ಡಿಸೆಂಬರಿನಲ್ಲಿ ನಮ್ಮ ಕೇಬಲ್‌ನವರು ಮನೆಮನೆಗೆ ಬಂದು, ಜನವರಿ ಒಂದರಿಂದ ಬಾಕ್ಸ್ ಇಲ್ಲದ ಮನೆಗೆ ಟಿ.ವಿ. ಬರುವುದಿಲ್ಲ ಎಂದು ಹೇಳಿ ಹಣ ಪಡೆದು ಸೆಟ್‌ಟಾಪ್ ಬಾಕ್ಸ್ ಕೂರಿಸಿ ಹೋದರು. ವರ್ಷ ಕಳೆದರೂ ಪಕ್ಕದ ಬೀದಿಯ ಮನೆಗಳಲ್ಲಿ ಬಾಕ್ಸ್ ಇಲ್ಲದೆಯೇ ಎಲ್ಲ ಚಾನೆಲ್‌ಗಳೂ ಬರುತ್ತಿವೆ. ಅವರು ಕೊಡುವ ತಿಂಗಳ ಬಾಡಿಗೆಯೂ ನಮ್ಮದಕ್ಕಿಂತ ಕಡಿಮೆ. ಸರ್ಕಾರದ ಮಾತು ಕೇಳಿದ್ದೇ ನಮ್ಮ ತಪ್ಪಾಯಿತೇ?
— ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ತಮ್ಮ ಅಸಮಾಧಾನ ನ್ಯಾಯವಾದದ್ದು. ಕೇಬಲ್‌ನವರು ತಮಗೆ ಹೇಳಿದ ದಿನಾಂಕ ಸುಳ್ಳಾಗಿರಲಿಲ್ಲ. ಮೂರನೇ ಹಂತದ ಪಟ್ಟಣಗಳಿಗೆ 2015ರ ಡಿಸೆಂಬರ್ 31 ಕೊನೆಯ ದಿನವೆಂದು ಸರ್ಕಾರವೇ ಅಧಿಸೂಚನೆ ಹೊರಡಿಸಿತ್ತು. ಆದರೆ ಆ ದಿನ ಹತ್ತಿರವಾಗುತ್ತಿದ್ದಂತೆ ಬಾಕ್ಸ್‌ಗಳು ಸಾಕಷ್ಟು ಸಿಗುತ್ತಿಲ್ಲವೆಂದು ದೇಶದ ಹಲವು ಹೈಕೋರ್ಟ್‌ಗಳಲ್ಲಿ ಅರ್ಜಿಗಳು ದಾಖಲಾದವು, ಕೆಲವು ಕಡೆ ತಡೆಯಾಜ್ಞೆಯೂ ಕಾಲಾವಕಾಶವೂ ದೊರೆತವು. ಅಲ್ಲಿಂದಾಚೆಗೆ ಗಡುವು ಕಾಗದದ ಮೇಲೆ ಉಳಿಯಿತೇ ಹೊರತು ಊರುಗಳಲ್ಲಿ ಜಾರಿಯಾಗಲಿಲ್ಲ.

ಒಂದೇ ತಂತಿಯಲ್ಲಿ ಎರಡೂ ಹೇಗೆ ಬರುತ್ತವೆ ಎಂಬುದು ತಿಳಿದರೆ ಪಕ್ಕದ ಬೀದಿಯ ಸಂಗತಿಯೂ ಅರ್ಥವಾಗುತ್ತದೆ. ಕೇಬಲ್ ಕಂಟ್ರೋಲ್ ರೂಮಿನಿಂದ ಹೊರಡುವ ತಂತಿಯಲ್ಲಿ ಕೆಲವು ಆವರ್ತನಗಳನ್ನು ಹಳೆಯ ಅನಲಾಗ್ ವಾಹಿನಿಗಳಿಗೆ ಬಿಟ್ಟು, ಉಳಿದವುಗಳಲ್ಲಿ ಡಿಜಿಟಲ್ ವಾಹಿನಿಗಳನ್ನು ಕಳುಹಿಸಲು ಸಾಧ್ಯವಿದೆ. ತಮ್ಮ ಬಾಕ್ಸ್ ಎರಡನೆಯದನ್ನು ಹಿಡಿಯುತ್ತದೆ, ನೆರೆಯವರ ಟಿ.ವಿ. ನೇರವಾಗಿ ಮೊದಲನೆಯದನ್ನು ಹಿಡಿಯುತ್ತದೆ. ಕಂಟ್ರೋಲ್ ರೂಮಿನಲ್ಲಿ ಅನಲಾಗ್ ನಿಲ್ಲುವ ತನಕ ಬಾಕ್ಸ್ ಕೊಳ್ಳದವರಿಗೆ ಯಾವ ನಷ್ಟವೂ ಇಲ್ಲ, ಕೊಂಡವರಿಗೆ ಮಾತ್ರ ಖರ್ಚು. ಗಡುವನ್ನು ಮುಂದೂಡುವಾಗ ಸರ್ಕಾರ ಬಾಕ್ಸ್ ಇಲ್ಲದವರ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಹೇಳಿದ ದಿನಕ್ಕೆ ಹೇಳಿದಂತೆ ನಡೆದುಕೊಂಡವರಿಗೆ ಶುಲ್ಕದಲ್ಲಾದರೂ ರಿಯಾಯಿತಿ ಕೊಡಿಸಬೇಕೆಂಬ ಯೋಚನೆ ಯಾವ ಆದೇಶದಲ್ಲೂ ಕಾಣಲಿಲ್ಲ. ಈ ಇಡೀ ಪ್ರಕರಣದಲ್ಲಿ ನಮಗೆ ಅತ್ಯಂತ ಅನ್ಯಾಯವೆನಿಸುವುದು ಇದೇ.

ಪ್ರಶ್ನೆ: ಇಷ್ಟಕ್ಕೂ ಎಷ್ಟು ಸಲ ಮುಂದೂಡಿದ್ದಾರೆ? ಪ್ರತಿ ಸಲವೂ ಕಾರಣವೇನು?
— ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮುಂದೂಡಿಕೆಯ ಕಥೆ ಈಗಿನ ಯೋಜನೆಗಿಂತಲೂ ಹಳೆಯದು. ಪಾವತಿ ವಾಹಿನಿಗಳನ್ನು ಬಾಕ್ಸ್ ಮೂಲಕವೇ ನೋಡಬೇಕೆಂಬ ‘ಕ್ಯಾಸ್’ ವ್ಯವಸ್ಥೆಗಾಗಿ 2002ರಲ್ಲೇ ಕೇಬಲ್ ಕಾಯ್ದೆಗೆ ತಿದ್ದುಪಡಿಯಾಯಿತು. 2003ರಲ್ಲಿ ಅದು ನೆಲೆಗೊಂಡದ್ದು ಚೆನ್ನೈನಲ್ಲಿ ಮಾತ್ರ. ದೆಹಲಿ, ಮುಂಬೈ, ಕೋಲ್ಕತ್ತಾಗಳ ಕೆಲವು ಭಾಗಗಳಿಗೆ ಬರುವಾಗ 2007 ಆಗಿತ್ತು, ಅದೂ ನ್ಯಾಯಾಲಯ ಒತ್ತಾಯಿಸಿದ ಮೇಲೆ.

ಈಗಿನ ಯೋಜನೆಯನ್ನು 2011ರಲ್ಲಿ ನಾಲ್ಕು ಹಂತಗಳಾಗಿ ರೂಪಿಸಲಾಯಿತು. ನಾಲ್ಕು ಮಹಾನಗರಗಳಿಗೆ 2012ರ ಜೂನ್ 30 ಎಂದಿದ್ದದ್ದು ಅಕ್ಟೋಬರ್ 31ಕ್ಕೆ ಹೋಯಿತು. ಬೆಂಗಳೂರು, ಮೈಸೂರು ಸೇರಿದಂತೆ 38 ನಗರಗಳ ಎರಡನೇ ಹಂತಕ್ಕೆ 2013ರ ಮಾರ್ಚ್ 31 ಗಡುವಾಗಿತ್ತು. ಮೂರು ಮತ್ತು ನಾಲ್ಕನೇ ಹಂತಗಳಿಗೆ ಮೊದಲು ಗೊತ್ತುಪಡಿಸಿದ್ದು 2014ರ ಸೆಪ್ಟೆಂಬರ್ 30 ಮತ್ತು ಡಿಸೆಂಬರ್ 31. ಅವೇ 2014ರಲ್ಲಿ ಕ್ರಮವಾಗಿ 2015ರ ಮತ್ತು 2016ರ ಡಿಸೆಂಬರ್ ಅಂತ್ಯಕ್ಕೆ ಸರಿದವು, 2016ರ ಡಿಸೆಂಬರಿನಲ್ಲಿ ಮತ್ತೆ ಮುಂದಕ್ಕೆ ಹೋದವು.

ಈ ಎಲ್ಲ ಮುಂದೂಡಿಕೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. 2012ರದು ನಾಲ್ಕು ತಿಂಗಳ ಮಟ್ಟಿಗಿನದು. ಮಹಾನಗರಗಳಲ್ಲಿ ಬಾಕ್ಸ್‌ಗಳ ಅಳವಡಿಕೆ ಹಿಂದೆ ಬಿದ್ದಿತ್ತು, ದಿನಾಂಕವನ್ನು ಹಾಗೆಯೇ ಇಟ್ಟಿದ್ದರೆ ಅಸಂಖ್ಯ ಮನೆಗಳ ಪರದೆ ಒಮ್ಮೆಲೇ ಬರಿದಾಗುತ್ತಿತ್ತು. ಆ ತೀರ್ಮಾನವನ್ನು ನಾವು ಒಪ್ಪುತ್ತೇವೆ. 2014ರಲ್ಲಿ ಕೊಟ್ಟ ಕಾರಣ ಬೇರೆ: ದೇಶದೊಳಗೇ ಬಾಕ್ಸ್ ತಯಾರಿಸುವ ಉದ್ಯಮಕ್ಕೆ ಅವಕಾಶ ಸಿಗಲೆಂದು ಕಾಲ ವಿಸ್ತರಿಸಲಾಯಿತು. ಉದ್ದೇಶ ಒಳ್ಳೆಯದಿರಬಹುದು. ಆದರೆ ಹಾಗೆ ದೊರೆತ ಅಷ್ಟೂ ಕಾಲದಲ್ಲಿ ಯಾವ ಜಿಲ್ಲೆಗೆ ಎಷ್ಟು ಬಾಕ್ಸ್ ಬೇಕು, ಯಾರು ಪೂರೈಸಬೇಕು, ಸ್ಥಳೀಯ ಆಪರೇಟರ್‌ಗಳ ಒಪ್ಪಂದಗಳು ಎಲ್ಲಿಯವರೆಗೆ ಬಂದಿವೆ ಎಂಬುದನ್ನು ತಿಂಗಳು ತಿಂಗಳೂ ಬೆನ್ನುಹತ್ತಿ ನೋಡಿದ್ದರೆ, 2016ರ ಡಿಸೆಂಬರಿನಲ್ಲಿ ‘ನ್ಯಾಯಾಲಯಗಳಲ್ಲಿ ಪ್ರಕರಣಗಳಿವೆ, ಹಳ್ಳಿಗಳಲ್ಲಿ ಬಾಕ್ಸ್ ಅಳವಡಿಕೆ ತೃಪ್ತಿಕರವಾಗಿಲ್ಲ’ ಎಂದು ಹೇಳುವ ಪ್ರಸಂಗ ಬರುತ್ತಿರಲಿಲ್ಲ. ಒಂದು ಗಡುವು ಜಾರಿದಾಗ ಮುಂದಿನದೂ ಜಾರುತ್ತದೆಂದು ಜನ ಕಾಯುತ್ತಾರೆ. ಜನ ಕಾಯುವುದರಿಂದಲೇ ಅಳವಡಿಕೆ ಕುಂಟುತ್ತದೆ, ಕುಂಟಿದ ಅಳವಡಿಕೆಯೇ ಮತ್ತೊಂದು ಮುಂದೂಡಿಕೆಗೆ ಕಾರಣವಾಗುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಬಾಕ್ಸ್ ಇಲ್ಲದೆಯೇ ಚಿತ್ರ ಚೆನ್ನಾಗಿ ಬರುತ್ತದೆ. ಮುಂದೂಡಿದ್ದರಿಂದ ನಮಗೆ ಅನುಕೂಲವೇ ಆಗಿದೆಯಲ್ಲವೇ? ಡಿಜಿಟಲ್ ಏಕೆ ಬೇಕು?
— ಅಂಗಡಿ ಮಾಲೀಕರು, ಸಿಂಧನೂರು

ಉತ್ತರ: ಸದ್ಯದ ಮಟ್ಟಿಗೆ ಅನುಕೂಲವೇ. ಆದರೆ ನಿಮ್ಮ ಟಿ.ವಿ.ಯಲ್ಲಿ ಮೊದಲ ಕೆಲವು ಚಾನೆಲ್‌ಗಳನ್ನು ನೋಡಿ, ನಂತರ ಕೊನೆಯ ಸಾಲಿನ ಚಾನೆಲ್‌ಗಳಿಗೆ ಹೋಗಿ. ಅಲ್ಲಿ ಚಿತ್ರದ ಮೇಲೆ ಚುಕ್ಕಿಗಳು ಮುತ್ತಿಕೊಂಡಿರುತ್ತವೆ, ದನಿಯ ಹಿಂದೆ ಗೊರಗೊರ ಸದ್ದಿರುತ್ತದೆ. ತಂತಿಯಲ್ಲಿ ಆವರ್ತನ ಹೆಚ್ಚಿದಷ್ಟೂ ಸಂಕೇತ ಬೇಗ ಸೊರಗುತ್ತದೆ, ಕಂಬದಿಂದ ಕಂಬಕ್ಕೆ ಕೂರಿಸಿದ ಆಂಪ್ಲಿಫೈಯರ್‌ಗಳು ಅದನ್ನು ಎತ್ತುವಾಗ ಗದ್ದಲವನ್ನೂ ಜೊತೆಗೇ ಎತ್ತುತ್ತವೆ. ಆದ್ದರಿಂದ ಕೆಳಗಿನ ಆವರ್ತನಗಳ ಜಾಗ, ಅಂದರೆ ಕೇಬಲ್‌ನವರು ‘ಪ್ರೈಮ್ ಬ್ಯಾಂಡ್’ ಎನ್ನುವುದು, ಬಹಳ ಬೆಲೆಬಾಳುತ್ತದೆ. ಆ ಜಾಗಕ್ಕಾಗಿ ವಾಹಿನಿಗಳು ಕೇಬಲ್ ಸಂಸ್ಥೆಗಳಿಗೆ ‘ಕ್ಯಾರಿಯೇಜ್ ಶುಲ್ಕ’ ತೆರುತ್ತವೆ. ಹಣವುಳ್ಳ ವಾಹಿನಿ ಮುಂದಿನ ಸಾಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೊಸದಾಗಿ ಆರಂಭವಾದ ಸಣ್ಣ ಕನ್ನಡ ವಾಹಿನಿ ಕೊನೆಯ ಸಾಲಿಗೆ ತಳ್ಳಲ್ಪಡುತ್ತದೆ ಅಥವಾ ಬರುವುದೇ ಇಲ್ಲ.

ಅನಲಾಗ್‌ನಲ್ಲಿ ಒಂದು ವಾಹಿನಿ ಹಿಡಿಯುವಷ್ಟು ಜಾಗದಲ್ಲಿ ಡಿಜಿಟಲ್ ಆದರೆ ಹತ್ತಕ್ಕೂ ಹೆಚ್ಚು ವಾಹಿನಿಗಳು ಹಿಡಿಸುತ್ತವೆ, ಮೊದಲನೆಯದಕ್ಕೂ ಕೊನೆಯದಕ್ಕೂ ಚಿತ್ರದಲ್ಲಿ ಅಂತಹ ವ್ಯತ್ಯಾಸವಿರುವುದಿಲ್ಲ. ಇನ್ನೊಂದು ಸಂಗತಿ ಲೆಕ್ಕದ್ದು. ಅನಲಾಗ್‌ನಲ್ಲಿ ಒಂದು ಊರಿನಲ್ಲಿ ಎಷ್ಟು ಮನೆಗಳಿಗೆ ಸಂಪರ್ಕವಿದೆ ಎಂಬುದಕ್ಕೆ ಆಪರೇಟರ್ ಹೇಳಿದ್ದೇ ಸಂಖ್ಯೆ. ವಾಹಿನಿಗೆ ಸೇರಬೇಕಾದ ಚಂದಾ, ರಾಜ್ಯಕ್ಕೆ ಸೇರಬೇಕಾದ ಮನರಂಜನಾ ತೆರಿಗೆ ಎರಡೂ ಆ ಸಂಖ್ಯೆಯನ್ನೇ ನೆಚ್ಚಿಕೊಂಡಿದ್ದವು. ಪ್ರತಿ ಬಾಕ್ಸಿಗೂ ತನ್ನದೇ ಗುರುತಿನ ಸಂಖ್ಯೆ ಇರುವುದರಿಂದ ಡಿಜಿಟಲ್ ವ್ಯವಸ್ಥೆಯಲ್ಲಿ ಮನೆಗಳನ್ನು ಮರೆಮಾಚಲು ಬರುವುದಿಲ್ಲ. ಚಂದಾದಿಂದ ಸರಿಯಾದ ಆದಾಯ ಬಂದರೆ ಕನ್ನಡ ವಾಹಿನಿಗಳು ಜಾಹೀರಾತನ್ನೇ ನಂಬಿ ಬದುಕಬೇಕಾಗಿಲ್ಲ. ಈ ಕಾರಣಕ್ಕಾಗಿಯೇ ನಾವು ಡಿಜಿಟಲೀಕರಣವನ್ನು ಬಯಸುತ್ತೇವೆ, ಅದು ತಡವಾಗುತ್ತಿರುವುದಕ್ಕೆ ನೊಂದುಕೊಳ್ಳುತ್ತೇವೆ.

ಪ್ರಶ್ನೆ: ಎಲ್ಲರೂ ಕೇಬಲ್‌ನವರನ್ನೇ ದೂರುತ್ತಾರೆ. ಗುಡ್ಡದ ಮೇಲೊಂದು ಕೆಳಗೊಂದು ಮನೆಯಿರುವ ನಮ್ಮಂಥ ಊರುಗಳಲ್ಲಿ ತಂತಿ ಎಳೆದು ಇಷ್ಟು ವರ್ಷ ಟಿ.ವಿ. ತೋರಿಸಿದವರು ನಾವು. ಬಾಕ್ಸಿಗೆ ಮುಂಗಡ ಕಟ್ಟಿದರೂ ಮೇಲಿನ ಸಂಸ್ಥೆಯವರು ಸಮಯಕ್ಕೆ ಕಳುಹಿಸುವುದಿಲ್ಲ. ಹಳ್ಳಿಯವರ ಕೈಯಲ್ಲಿ ಈಗ ನಗದೂ ಇಲ್ಲ. ನಮ್ಮ ಮಾತನ್ನೂ ಬರೆಯಿರಿ.
— ಸ್ಥಳೀಯ ಕೇಬಲ್ ಆಪರೇಟರ್, ಉತ್ತರ ಕನ್ನಡ

ಉತ್ತರ: ಬರೆಯಲೇಬೇಕಾದ ಮಾತಿದು. ಡಿಜಿಟಲ್ ವ್ಯವಸ್ಥೆಯಲ್ಲಿ ಸಂಕೇತಗಳನ್ನು ಒಟ್ಟುಗೂಡಿಸಿ ಗೂಢಲಿಪಿಗೊಳಿಸಿ ಕಳುಹಿಸುವ ದೊಡ್ಡ ಸಂಸ್ಥೆ, ಅಂದರೆ ಎಂಎಸ್‌ಒ, ಗ್ರಾಹಕರ ಪಟ್ಟಿಯನ್ನೂ ಬಾಕ್ಸನ್ನೂ ತನ್ನ ಹತೋಟಿಯಲ್ಲಿಟ್ಟುಕೊಳ್ಳುತ್ತದೆ. ಪರಸ್ಪರ ಒಪ್ಪಂದವಿಲ್ಲದಿದ್ದಲ್ಲಿ ಪಾವತಿ ವಾಹಿನಿಗಳ ಆದಾಯದಲ್ಲಿ ಎಂಎಸ್‌ಒಗೆ ಶೇ 65ರ ಪಾಲು, ಸ್ಥಳೀಯ ಆಪರೇಟರಿಗೆ ಶೇ 35ರ ಪಾಲು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2012ರಲ್ಲಿ ಗೊತ್ತುಪಡಿಸಿತ್ತು. ಇಡೀ ಸಂಗ್ರಹವನ್ನು ತಾವೇ ನೋಡಿಕೊಳ್ಳುತ್ತಿದ್ದ ಆಪರೇಟರ್‌ಗೆ ಇದು ಜೀವನೋಪಾಯದ ಪ್ರಶ್ನೆ. 2016ರ ನವೆಂಬರಿನ ನೋಟು ರದ್ದತಿಯ ನಂತರ ಹಳ್ಳಿಗಳಲ್ಲಿ ನಗದಿನ ಅಭಾವವುಂಟಾದದ್ದೂ ನಿಜ.

ಆದರೆ ನಿಮ್ಮ ಸಹೋದ್ಯೋಗಿಗಳಲ್ಲಿ ಎಲ್ಲರೂ ಬಾಕ್ಸ್ ಸಿಗದ ಕಾರಣಕ್ಕೇ ತಡಮಾಡುತ್ತಿಲ್ಲ. ಲೆಕ್ಕ ಬಯಲಾಗುವುದು ಬೇಡವೆಂದು ಕಾಲ ತಳ್ಳುವವರೂ ಇದ್ದಾರೆ, ಅವರಿಂದಾಗಿ ಪ್ರಾಮಾಣಿಕ ಆಪರೇಟರ್‌ಗಳಿಗೂ ಕೆಟ್ಟ ಹೆಸರು ಬರುತ್ತಿದೆ. ಮುಂಗಡ ಕಟ್ಟಿಯೂ ಬಾಕ್ಸ್ ಬಾರದಿದ್ದರೆ ದಿನಾಂಕ ಸಹಿತ ಲಿಖಿತ ಬೇಡಿಕೆಯ ಪ್ರತಿಯನ್ನು ಇಟ್ಟುಕೊಳ್ಳಿ. ಗಡುವಿನ ನಂತರ ತಪ್ಪು ಯಾರದೆಂಬ ಪ್ರಶ್ನೆ ಬಂದಾಗ ಅದೇ ನಿಮ್ಮ ರಕ್ಷಣೆ.

ಪ್ರಶ್ನೆ: ಹೊರದೇಶಗಳಲ್ಲೂ ಹೀಗೆಯೇ ಮುಂದೂಡುತ್ತಾರೆಯೇ ಅಥವಾ ಇದು ನಮ್ಮಲ್ಲಿ ಮಾತ್ರವೇ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಅಮೆರಿಕದಲ್ಲೂ ಆಗಿದೆ. ಅಲ್ಲಿ ಬದಲಾಗಬೇಕಿದ್ದದ್ದು ಆಂಟೆನಾ ಮೂಲಕ ಬರುವ ಪ್ರಸಾರ, ಗೊತ್ತುಪಡಿಸಿದ ದಿನ 2009ರ ಫೆಬ್ರವರಿ 17. ಹಳೆಯ ಟಿ.ವಿ. ಇರುವ ಮನೆಗಳಿಗೆ ಪರಿವರ್ತಕ ಪೆಟ್ಟಿಗೆ ಕೊಳ್ಳಲು ಸರ್ಕಾರ 40 ಡಾಲರ್‌ಗಳ ಕೂಪನ್ ಕೊಡುತ್ತಿತ್ತು, ಒಂದು ಮನೆಗೆ ಎರಡು. ಆ ಜನವರಿಯ ಹೊತ್ತಿಗೆ ಕೂಪನ್ನಿನ ಹಣ ಮುಗಿದು, ಅರ್ಜಿ ಹಾಕಿದವರು ಕಾಯುವ ಪಟ್ಟಿಯಲ್ಲಿ ಉಳಿದರು. ಗಡುವಿಗೆ ಆರು ದಿನವಿರುವಾಗ ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯ್ದೆ ದಿನಾಂಕವನ್ನು ಜೂನ್ 12ಕ್ಕೆ ಒಯ್ದಿತು. ವರ್ಷಗಟ್ಟಲೆ ಒಂದೇ ದಿನಾಂಕವನ್ನು ಪ್ರಚಾರ ಮಾಡಿ ಕೊನೆ ಗಳಿಗೆಯಲ್ಲಿ ಬದಲಿಸಿದ್ದಕ್ಕೆ ಅಲ್ಲೂ ತೀವ್ರ ಆಕ್ಷೇಪ ಬಂತು. ಎರಡೆರಡು ಟ್ರಾನ್ಸ್‌ಮಿಟರ್‌ಗಳ ವಿದ್ಯುತ್ ಖರ್ಚು ಹೊರಲಾರದೆ ನೂರಾರು ಕೇಂದ್ರಗಳು ಫೆಬ್ರವರಿಯಲ್ಲೇ ಅನಲಾಗ್ ನಿಲ್ಲಿಸಿಬಿಟ್ಟವು. ಆದರೆ ಆ ದಿನಾಂಕವನ್ನು ಮುಂದೂಡಿದ್ದು ಒಂದೇ ಸಲ. ಕೂಪನ್ನಿಗೆ ಹೆಚ್ಚುವರಿ ಹಣ ಒದಗಿಸಿ, ಜೂನ್ 12ರಂದು ಮುಗಿಸಿದರು.

ದಕ್ಷಿಣ ಆಫ್ರಿಕಾದ ಅನುಭವ ಇದಕ್ಕಿಂತ ಕಹಿ. ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 2015ರ ಜೂನ್ 17ರೊಳಗೆ ಬದಲಾಗಬೇಕಿದ್ದ ಆ ದೇಶ, ಬಡವರಿಗೆ ಕೊಡುವ ಬಾಕ್ಸಿನಲ್ಲಿ ಗೂಢಲಿಪಿ ನಿಯಂತ್ರಣ ಇರಬೇಕೇ ಬೇಡವೇ ಎಂಬ ಜಗಳ ನ್ಯಾಯಾಲಯಕ್ಕೆ ಹೋದದ್ದರಿಂದ 2017ರ ಆರಂಭದಲ್ಲೂ ದಡ ಸೇರಿರಲಿಲ್ಲ.

ನಮಗೆ ಮಾದರಿಯಾಗಬೇಕಾದದ್ದು ಬ್ರಿಟನ್. 2007ರಲ್ಲಿ ವೈಟ್‌ಹೇವನ್ ಎಂಬ ಒಂದು ಸಣ್ಣ ಪಟ್ಟಣದಲ್ಲಿ ಮೊದಲು ಅನಲಾಗ್ ನಿಲ್ಲಿಸಿ, ಏನೇನು ತೊಂದರೆ ಬರುತ್ತದೆಂದು ನೋಡಿಕೊಂಡು, ಬಳಿಕ ಪ್ರದೇಶದಿಂದ ಪ್ರದೇಶಕ್ಕೆ ಸಾಗಿ 2012ರ ಅಕ್ಟೋಬರಿನಲ್ಲಿ ಕೆಲಸ ಮುಗಿಸಿದರು. 75 ವರ್ಷ ದಾಟಿದವರ ಮತ್ತು ಅಂಗವಿಕಲರ ಮನೆಗಳಿಗೆ ಬಾಕ್ಸ್ ಜೋಡಿಸಿಕೊಡುವ ಪ್ರತ್ಯೇಕ ನೆರವೂ ಇತ್ತು. ನಾವು ಹಳ್ಳಿಗಳನ್ನೆಲ್ಲ ಒಂದೇ ಹಂತಕ್ಕೆ ಸೇರಿಸಿ, ಕಾರವಾರಕ್ಕೂ ಕಛ್‌ಗೂ ಒಂದೇ ದಿನಾಂಕ ಇಟ್ಟೆವು. ಎಲ್ಲೋ ಒಂದು ರಾಜ್ಯ ಸಿದ್ಧವಾಗದಿದ್ದರೆ ಸಿದ್ಧವಾದ ಜಿಲ್ಲೆಗಳೂ ಕಾಯಬೇಕಾಯಿತು. ಜಿಲ್ಲೆಗೊಂದು ದಿನಾಂಕ ಇಟ್ಟಿದ್ದರೆ ಈ ಅಂಕಣದಲ್ಲಿನ ಅರ್ಧ ಪ್ರಶ್ನೆಗಳು ಹುಟ್ಟುತ್ತಲೇ ಇರಲಿಲ್ಲ.

ಪ್ರಶ್ನೆ: ಬಾಕ್ಸಿಗೂ ತಿಂಗಳ ಬಾಡಿಗೆಗೂ ಹಣವಿಲ್ಲದವರು ಏನು ಮಾಡಬೇಕು? ಹಿಂದಿನಂತೆ ಆಂಟೆನಾ ಹಾಕಿಕೊಳ್ಳಬಹುದೇ?
— ರೈತರು, ಪಾವಗಡ

ಉತ್ತರ: ದೂರದರ್ಶನದ ‘ಫ್ರೀ ಡಿಶ್’ ಇದೆ. ಡಿಶ್ ಮತ್ತು ಬಾಕ್ಸಿಗೆ ಒಮ್ಮೆ ಖರ್ಚು ಮಾಡಿದರೆ ತಿಂಗಳ ಶುಲ್ಕವಿಲ್ಲ, ಚಂದನ ವಾಹಿನಿಯೂ ಸಿಗುತ್ತದೆ. ಆದರೆ ಅದರಲ್ಲಿ ಹಿಂದಿ ವಾಹಿನಿಗಳೇ ಹೆಚ್ಚು. ಆಂಟೆನಾ ಮೂಲಕ ಬರುವ ಡಿಜಿಟಲ್ ಪ್ರಸಾರವನ್ನು ದೂರದರ್ಶನ 2016ರಲ್ಲಿ ಆರಂಭಿಸಿದ್ದು ದೇಶದ 16 ನಗರಗಳಲ್ಲಿ. ನಮ್ಮ ರಾಜ್ಯದಿಂದ ಬೆಂಗಳೂರು ಮಾತ್ರ ಆ ಪಟ್ಟಿಯಲ್ಲಿತ್ತು, ಪಾವಗಡಕ್ಕೆ ಅದರಿಂದ ಪ್ರಯೋಜನವಿರಲಿಲ್ಲ.

ಪ್ರಶ್ನೆ: ನಮ್ಮದು ಹಳೆಯ ದಪ್ಪ ಟಿ.ವಿ. ಬಾಕ್ಸ್ ಹಾಕಿಸಿದರೆ ಹೊಸ ಟಿ.ವಿ.ಯೂ ಬೇಕಾಗುತ್ತದೆಯೇ? ಬಾಕ್ಸ್ ಹಾಕಿಸುವಾಗ ಏನೇನು ಕೇಳಿ ಪಡೆಯಬೇಕು?
— ಗೃಹಿಣಿ, ಗದಗ

ಉತ್ತರ: ಹೊಸ ಟಿ.ವಿ. ಬೇಕಿಲ್ಲ. ನಿಮ್ಮ ಟಿ.ವಿ.ಯ ಹಿಂಬದಿಯಲ್ಲೋ ಪಕ್ಕದಲ್ಲೋ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ತೂತುಗಳಿರುತ್ತವೆ. ಬಾಕ್ಸ್‌ನ ಜೊತೆ ಬರುವ ಅದೇ ಬಣ್ಣಗಳ ಪಿನ್‌ಗಳನ್ನು ಬಣ್ಣಕ್ಕೆ ಬಣ್ಣ ಸೇರಿಸಿ ಚುಚ್ಚಿ, ಟಿ.ವಿ. ರಿಮೋಟಿನಲ್ಲಿ ‘ಎ.ವಿ.’ ಗುಂಡಿ ಒತ್ತಿದರೆ ಚಿತ್ರ ಬರುತ್ತದೆ. ಕೆಲವು ಹಳೆಯ ಟಿ.ವಿ.ಗಳಲ್ಲಿ ಹಳದಿ ಮತ್ತು ಬಿಳಿ ಮಾತ್ರ ಇದ್ದರೂ ಅಷ್ಟೇ ಸಾಕು. ಚಾನೆಲ್ ಬದಲಿಸಲು ಮಾತ್ರ ಬಾಕ್ಸಿನ ರಿಮೋಟನ್ನೇ ಬಳಸಬೇಕು.

ಬಾಕ್ಸನ್ನು ಪೂರ್ತಿ ಹಣ ಕೊಟ್ಟು ಕೊಳ್ಳಬಹುದು, ಕಂತಿನಲ್ಲಿ ಪಡೆಯಬಹುದು ಅಥವಾ ಬಾಡಿಗೆಗೆ ಇಟ್ಟುಕೊಳ್ಳಬಹುದು. ಈ ಮೂರೂ ಆಯ್ಕೆಗಳನ್ನು ಗ್ರಾಹಕರ ಮುಂದಿಡಬೇಕೆಂದು 2017ರ ಆರಂಭದಲ್ಲಿ ಟ್ರಾಯ್ ನಿಯಮವಿತ್ತು. ಒಂದು ಸಂಸ್ಥೆಯ ಬಾಕ್ಸ್ ಇನ್ನೊಂದರ ಸಂಪರ್ಕಕ್ಕೆ ಕೆಲಸ ಮಾಡುವುದಿಲ್ಲವಾದ್ದರಿಂದ, ಮನೆ ಬದಲಿಸುವ ಸಂಭವವಿದ್ದವರಿಗೆ ಬಾಡಿಗೆಯೇ ಮೇಲು. ಗ್ರಾಹಕ ಅರ್ಜಿಯನ್ನು ತುಂಬಿಸಿಕೊಳ್ಳದೆ ಬಾಕ್ಸ್ ಕೂರಿಸಲು ಬಿಡಬೇಡಿ. ನಿಮಗೆ ಬೇಕಾದ ವಾಹಿನಿಗಳನ್ನು ಬರೆದು ಕೊಡುವ ಜಾಗ ಅದೇ ಅರ್ಜಿಯಲ್ಲಿರುತ್ತದೆ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. 2017ರ ಆರಂಭದಲ್ಲಿ 100 ಉಚಿತ ವಾಹಿನಿಗಳ ಮೂಲ ಪ್ಯಾಕೇಜಿಗೆ ತೆರಿಗೆ ಬಿಟ್ಟು ತಿಂಗಳಿಗೆ 100 ರೂಪಾಯಿಗಿಂತ ಹೆಚ್ಚು ಕೇಳುವಂತಿರಲಿಲ್ಲ.

2017ರ ಜನವರಿ 31ರ ನಂತರವೂ ನಿಮ್ಮ ಊರಿನಲ್ಲಿ ಬಾಕ್ಸ್ ಇಲ್ಲದ ಮನೆಗಳಿಗೆ ಕೇಬಲ್ ಬರುತ್ತಲೇ ಇದ್ದರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಲಿಖಿತ ದೂರು ಕೊಡಿ. ಕೇಬಲ್ ಕಾಯ್ದೆಯಡಿ ಅಧಿಕೃತ ಅಧಿಕಾರಿಗಳು ಅವರೇ, ಉಪಕರಣಗಳನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಅವರಿಗಿದೆ. ದೂರಿನ ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ಮರೆಯಬೇಡಿ.