ಐದು ತಿಂಗಳ ಮಗುವಿಗೆ ಕೋಣೆ: ತೊಟ್ಟಿಲು, ಬಣ್ಣ, ಸಾಸಿವೆ ದಿಂಬು

ಪ್ರಶ್ನೆ: ನನಗೀಗ ಏಳು ತಿಂಗಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿ, ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ಹುಬ್ಬಳ್ಳಿಗೆ ಮರಳುತ್ತೇನೆ. ಅಷ್ಟರೊಳಗೆ ಒಂದು ಕೋಣೆಯನ್ನು ಮಗುವಿಗೆಂದೇ ಸಜ್ಜು ಮಾಡುವ ಆಸೆ ನಮ್ಮವರಿಗೆ. ಮನೆಯಲ್ಲಿ ಹಳೆಯ ಕಲಘಟಗಿ ತೊಟ್ಟಿಲಿದೆ, ಅದಕ್ಕೆ ಹೊಸ ಬಣ್ಣ ಹಚ್ಚಿಸಬಹುದೇ? ತಲೆ ದುಂಡಗಾಗಲು ಸಾಸಿವೆ ದಿಂಬು ಬೇಕೆನ್ನುತ್ತಾರೆ ಅತ್ತೆ.
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ‘ಐದು ತಿಂಗಳು’ ಎಂಬ ಮಾತೇ ಮುಖ್ಯ. ಆ ಹೊತ್ತಿಗೆ ಮಗು ಮಗ್ಗುಲಾಗುತ್ತದೆ, ಬೋರಲು ಬೀಳುತ್ತದೆ, ಕೈಯೂರಿ ಎದೆ ಎತ್ತುತ್ತದೆ. ತೂಗುವ ತೊಟ್ಟಿಲಿನ ಕಾಲ ಅಲ್ಲಿಗೆ ಮುಗಿಯಿತು. ಮಗುವಿನ ಭಾರ ಒಂದೇ ಬದಿಗೆ ಬಿದ್ದರೆ ತೊಟ್ಟಿಲು ವಾಲಿ, ಮುಖ ಪಕ್ಕದ ಹಲಗೆಗೆ ಒತ್ತಿಕೊಳ್ಳುತ್ತದೆ. ಹಾಗಾಗಿ ತೊಟ್ಟಿಲನ್ನು ಈಗಲೇ ತವರಿಗೆ ಕಳಿಸಿ. ನಾಮಕರಣಕ್ಕೂ ಆಯಿತು, ಮೊದಲ ನಾಲ್ಕು ತಿಂಗಳಿಗೂ ಆಯಿತು. ಹುಬ್ಬಳ್ಳಿಯಲ್ಲಿ ಬೇಕಾಗುವುದು ಸುತ್ತ ಸರಳಿರುವ ಬೇಬಿ ಕಾಟ್.

ಕಲಘಟಗಿ ತೊಟ್ಟಿಲಿನ ಅಂದವಿರುವುದೇ ಅದರ ಅರಗಿನ ಬಣ್ಣದಲ್ಲಿ, ದಯವಿಟ್ಟು ಅದನ್ನು ಕೆರೆಸಬೇಡಿ. ನಡುವೆ ಯಾರಾದರೂ ಅದರ ಮೇಲೆ ಎನಾಮೆಲ್ ಬಳಿಸಿದ್ದರಂತೂ ಇನ್ನೂ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್‌ನಲ್ಲಿ ಸೀಸ ಇದೆಯೆಂದೇ ಭಾವಿಸಿ. ಒಣ ಸ್ಯಾಂಡ್‌ಪೇಪರ್ ಉಜ್ಜಿದರೆ ಹಿಟ್ಟಿನಂಥ ಧೂಳು ಇಡೀ ಕೋಣೆಗೆ ಕೂರುತ್ತದೆ. ಅಂಬೆಗಾಲಿಡುವ ಮಗು ಅದೇ ನೆಲಕ್ಕೆ ಕೈಯೂರಿ, ಅದೇ ಕೈಯನ್ನು ಬಾಯಿಗಿಡುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಎನಾಮೆಲ್ ಚಕ್ಕೆ ಏಳುತ್ತಿದ್ದರೆ ಆ ತೊಟ್ಟಿಲು ನಾಮಕರಣದ ಶಾಸ್ತ್ರಕ್ಕಷ್ಟೇ ಸಾಕು, ಮಲಗಿಸಲು ಬೇಡ. ತೂಗುಹಾಕುವಾಗ ಫ್ಯಾನಿನ ಕೊಂಡಿಗೆ ಎಂದೂ ಕಟ್ಟಬೇಡಿ.

ಗೋಡೆಗೆ ನೀರು ಬೆರೆಸುವ ಎಮಲ್ಷನ್ ಸಾಕು. ಮಗು ಬರುವ ಒಂದು ತಿಂಗಳು ಮೊದಲೇ ಬಣ್ಣ ಮುಗಿಸಿ, ದಿನವೂ ಕಿಟಕಿ ತೆರೆದಿಡಿ. ನೀವು ಬಸುರಿ, ಕೆರೆಯುವ ಬಳಿಯುವ ಕೆಲಸ ನಡೆಯುವಾಗ ಆ ಮನೆಯಲ್ಲಿ ಇರಬೇಡಿ.

ಕಾಟ್ ಕೊಳ್ಳುವಾಗ ಅಳತೆಪಟ್ಟಿ ಒಯ್ಯಿರಿ. ಸರಳುಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಸಂದಿ ಬೇಡ: ಮೈ ನುಸುಳಿ ತಲೆ ಸಿಕ್ಕಿಕೊಳ್ಳುವುದು ಅಲ್ಲೇ. ಹಾಸಿಗೆಯನ್ನು ಕೆಳಗಿನ ಮಟ್ಟಕ್ಕೆ ಇಳಿಸಿದಾಗ ಹಾಸಿಗೆಯಿಡುವ ತಳದ ಹಲಗೆಯಿಂದ ಮೇಲಿನ ಪಟ್ಟಿ ಕನಿಷ್ಠ 60 ಸೆಂ.ಮೀ. ಎತ್ತರದಲ್ಲಿರಬೇಕು. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಿದರೆ ಹಾಸಿಗೆ ಚಿಕ್ಕದಾಯಿತು. ಹತ್ತಿಯ ಗಾದಿ ಕೆಲವೇ ತಿಂಗಳಲ್ಲಿ ನಡುವೆ ಕುಳಿ ಬೀಳುತ್ತದೆ, ಬೋರಲಾದ ಮಗುವಿನ ಮೂಗು ಹೋಗುವುದು ಆ ಕುಳಿಗೇ. ಅಂಗೈ ಒತ್ತಿ ತೆಗೆದಾಗ ಅಚ್ಚು ಉಳಿಯದಷ್ಟು ಗಟ್ಟಿ ಹಾಸಿಗೆ, ಅದರ ಮೇಲೆ ಬಿಗಿಯಾದ ಒಂದು ಹತ್ತಿ ಬಟ್ಟೆ. ಅಷ್ಟೇ. ಕೌದಿ, ದಿಂಬು, ಗೊಂಬೆ, ಸರಳಿಗೆ ಕಟ್ಟುವ ಮೆತ್ತೆ ಯಾವುದೂ ಒಳಗೆ ಬೇಡ. ಇಂಥ ಮೆತ್ತೆಗಳ ಮಾರಾಟವನ್ನು ಅಮೆರಿಕ 2022ರ ಕಾನೂನಿನಲ್ಲಿ ನಿಷೇಧಿಸಿದೆ. ಮಗುವನ್ನು ಅಂಗಾತವೇ ಮಲಗಿಸಿ.

ಸಾಸಿವೆ ದಿಂಬಿಗೂ ಇದೇ ಉತ್ತರ. ಅತ್ತೆಯವರ ಕಾಳಜಿ ಸುಳ್ಳಲ್ಲ, ಒಂದೇ ಕಡೆ ಒತ್ತಿ ಮಲಗಿದರೆ ತಲೆ ಚಪ್ಪಟೆಯಾಗುತ್ತದೆ. ಆದರೆ ಜರುಗಿದ ದಿಂಬು ಮೂಗು ಮುಚ್ಚಬಹುದು, ಹೊಲಿಗೆ ಬಿಚ್ಚಿದರೆ ಕಾಳು ಬಾಯಿಗೆ ಹೋಗಬಹುದು. ಅದರ ಬದಲು ತಲೆಯಿಡುವ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿ. ಎಚ್ಚರವಿದ್ದಾಗ ನಿಮ್ಮ ಕಣ್ಣೆದುರೇ ಎರಡು ಮೂರು ಸಲ, ಕೆಲವು ನಿಮಿಷ ಬೋರಲು ಹಾಕಿ. ಈ ಕೆಲಸ ಅತ್ತೆಯವರಿಗೇ ಒಪ್ಪಿಸಬಹುದು.

ಬೇರೆ ಕೋಣೆಗೆ ಅವಸರವೂ ಬೇಡ. ಕನಿಷ್ಠ ಆರು ತಿಂಗಳು ಮಗು ನಿಮ್ಮ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಲಿ. ಹೊಸ ಕೋಣೆ ಹಗಲಿನ ಆಟಕ್ಕಿರಲಿ. ರಾತ್ರಿ ಕಾಟ್ ಎಲ್ಲಿದ್ದರೂ ಕಿಟಕಿ, ಪರದೆಯ ದಾರ, ಚಾರ್ಜರ್ ವೈರುಗಳಿಂದ ದೂರವಿರಲಿ. ಅದರ ಮೇಲಿನ ಗೋಡೆಗೆ ಫೋಟೊ, ಶೆಲ್ಫ್ ಬೇಡ. ತೂಗುಬಿಟ್ಟ ಗಿಲಕಿಯನ್ನು ಐದು ತಿಂಗಳಿಗೆ ಬಿಚ್ಚಿ. ಬೀರುವನ್ನು ಎಲ್-ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸಿ, ಹಿಡಿದು ನಿಲ್ಲಲು ಕಲಿತ ಮಗು ಖಾನೆ ಎಳೆಯುತ್ತದೆ.

ಇನ್ನೊಂದು, ಯಾರೂ ಕೇಳದ ಸಂಗತಿ: ಟ್ರಂಕಿನ ಹಳೆಯ ಸೀರೆಗಳು. ಮಗುವಿಗೆ ಹೊದಿಸಲು ಮೆತ್ತಗಿರುತ್ತದೆಂದು ಅವನ್ನೇ ತೆಗೆಯುತ್ತೇವೆ, ಜೊತೆಗೆ ನುಸಿಗುಳಿಗೆಯ ವಾಸನೆಯೂ ಬರುತ್ತದೆ. ಅದರ ನ್ಯಾಫ್ತಲೀನ್, ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಆ ಕಣಗಳನ್ನು ಒಡೆಯುತ್ತದೆ, ಕಾಮಾಲೆ ಏರುತ್ತದೆ. ಕೊರತೆ ಇದೆಯೆಂದು ಮೊದಲೇ ಗೊತ್ತಿರುವುದು ಅಪರೂಪ. ಆ ಗುಳಿಗೆಗಳನ್ನು ಮನೆಯಿಂದಲೇ ಹೊರಹಾಕಿ, ವಾಸನೆ ಹಿಡಿದ ಬಟ್ಟೆಯನ್ನು ಮಗುವಿಗೆ ಬಳಸಬೇಡಿ. ಸಾಂಬ್ರಾಣಿ ಹೊಗೆಯೂ ಕೋಣೆಗೆ ಬೇಡ, ಎಳೆಯ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಸೊಳ್ಳೆಗೆ ಪರದೆ ಕಟ್ಟಿ, ಆದರೆ ಮಗುವಿನ ಕೈಗೆ ಎಟುಕದಂತೆ ಬಿಗಿಯಾಗಿ.

ಕೋಣೆಗೆ ಬಚ್ಚಲು ಹೊಂದಿಕೊಂಡಿದ್ದರೆ ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿಸಿ, ಬಕೆಟ್ಟನ್ನು ಬಳಸಿದ ಕೂಡಲೇ ಬರಿದುಮಾಡಿ ಬೋರಲಿಡಿ. ಗೇಣು ನೀರೂ ಮಗುವಿಗೆ ಮುಳುಗುವಷ್ಟು ನೀರೇ.