ಕೋಲಾರದ ಐದು ಅಕ್ಷರಗಳೂ ಇರುವ ಇಂಗ್ಲಿಷ್ ಪದಗಳನ್ನು ಹುಡುಕುವುದು ಹೇಗೆ?

ಕೋಲಾರ ಅಂತ ಇಂಗ್ಲಿಷಿನಲ್ಲಿ ಬರೆದಾಗ ಬರುವ ಕೆ, ಓ, ಎಲ್, ಎ, ಆರ್ ಅಕ್ಷರಗಳಿರುವ ಪದಗಳನ್ನು ಬರೆದುಕೊಂಡು ಬಾ ಅಂತ ಮಗಳಿಗೆ ಹೋಂವರ್ಕ್ ಕೊಟ್ಟಿದ್ದಾರೆ, ಡಿಕ್ಷನರಿ ತಿರುವಿ ತಿರುವಿ ಸಾಕಾಯಿತು, ಸುಲಭದ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಮೊದಲು ಟೀಚರ್ ಕೇಳಿರುವುದು ಯಾವುದನ್ನು ಅಂತ ಗಟ್ಟಿ ಮಾಡಿಕೊಳ್ಳಿ. ಆ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ, ಹುಡುಕುವ ರೀತಿಯೂ ಮೂರಕ್ಕೂ ಬೇರೆ. ನಾನೂ ಕೋಲಾರದವಳೇ. ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಡುತ್ತೇನೆ, ಈ ಆಟವನ್ನು ಅವರ ಜೊತೆ ಆಗಾಗ ಆಡುತ್ತಿರುತ್ತೇನೆ.

ಆ ಐದು ಅಕ್ಷರ ಬಿಟ್ಟು ಬೇರೆ ಯಾವುದೂ ಬರಬಾರದು ಅಂದರೆ ಪದಗಳು ಚಿಕ್ಕವು: ಓಕ್, ಓರ್, ಆರ್ಕ್, ಲಾರ್ಕ್, ಓರಲ್, ಓಕ್ರಾ. ಓಕ್ರಾ ಅಂದರೆ ನಮ್ಮ ಬೆಂಡೆಕಾಯಿ, ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತದೆ. ಅಕ್ಷರಗಳು ಅದೇ ಸಾಲಿನಲ್ಲಿ, ಒಂದರ ಪಕ್ಕ ಒಂದು ಬರಬೇಕು ಅಂದರೆ ಕೆ ಕೈಬಿಡಬೇಕಾಗುತ್ತದೆ. ಉಳಿದ ಓ, ಎಲ್, ಎ, ಆರ್ ಸಾಲಾಗಿ ಸೋಲಾರ್, ಪೋಲಾರ್, ಮೋಲಾರ್, ಸ್ಕಾಲರ್‌ನಲ್ಲಿ ಸಿಗುತ್ತವೆ. ಮೂರನೆಯದು, ಐದೂ ಅಕ್ಷರ ಇರಬೇಕು, ಎಲ್ಲಿ ಬೇಕಾದರೂ ಇರಲಿ, ಜೊತೆಗೆ ಬೇರೆ ಅಕ್ಷರ ಬಂದರೂ ಪರವಾಗಿಲ್ಲ. ನಿಮ್ಮ ಮಗಳಿಗೆ ಕೊಟ್ಟಿರುವುದು ಬಹುಶಃ ಇದೇ. ನಿಜವಾದ ಮಜಾ ಇರುವುದೂ ಇದರಲ್ಲೇ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಮಕ್ಕಳು ಕಿವಿಯಿಂದ ಹುಡುಕುತ್ತಾರೆ. ಕನ್ನಡದಲ್ಲಿ ಕೇಳಿದ ಹಾಗೆ ಬರೆಯುವುದು ಅಭ್ಯಾಸ ಅಲ್ವಾ, ಅದೇ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಸ್ಕಾಲರ್ ಅಂದಾಗ ‘ಕ’ ಚೆನ್ನಾಗಿಯೇ ಕೇಳುತ್ತದೆ, ಆದರೆ ಅಲ್ಲಿರುವುದು ಸಿ ಮತ್ತು ಎಚ್, ಕೆ ಇಲ್ಲ. ಕೋರಲ್, ಕ್ಯಾರಲ್, ಓರಕಲ್ ಎಲ್ಲದರಲ್ಲೂ ಸಿ. ಹಾಗಾಗಿ ಬಾಯಲ್ಲಿ ಹೇಳಿ ನೋಡಿ ಪ್ರಯೋಜನವಿಲ್ಲ, ಹಾಳೆಯ ಮೇಲೆ ಸ್ಪೆಲ್ಲಿಂಗ್ ಬರೆದೇ ನೋಡಬೇಕು.

ಈಗ ಕೈಯಲ್ಲಿ ಹುಡುಕುವ ವಿಧಾನ. ಐದರಲ್ಲಿ ಅಪರೂಪದ ಅಕ್ಷರ ಯಾವುದೋ ಅಲ್ಲಿಂದ ಶುರು ಮಾಡಿ. ಸ್ಕ್ರ್ಯಾಬಲ್ ಆಟದ ಇಂಗ್ಲಿಷ್ ಸೆಟ್ಟಿನಲ್ಲಿ ಒಟ್ಟು 100 ಬಿಲ್ಲೆಗಳಿರುತ್ತವೆ. ಅದರಲ್ಲಿ ಎ 9, ಓ 8, ಆರ್ 6, ಎಲ್ 4, ಕೆ ಮಾತ್ರ 1. ಎ ಹಿಡಿದು ಹೊರಟರೆ ಅರ್ಧ ಡಿಕ್ಷನರಿಯೇ ಎದುರಿಗೆ ಬಂದು ನಿಲ್ಲುತ್ತದೆ, ಕೆ ಹಿಡಿದರೆ ದಾರಿ ಬೇಗ ಕಿರಿದಾಗುತ್ತದೆ. ಕೆ ಒಂಟಿಯಾಗಿ ಬರುವುದು ಕಡಿಮೆ, ಸಾಮಾನ್ಯವಾಗಿ ಸಿ, ಎಲ್, ಆರ್, ಎನ್, ಎಸ್ ಯಾವುದಾದರೊಂದರ ಪಕ್ಕ ಅಂಟಿಕೊಂಡಿರುತ್ತದೆ. ಆದ್ದರಿಂದ ಕೆ ಇರುವ ಚಿಕ್ಕ ಪದಗಳನ್ನು ಮೊದಲು ಬರೆಸಿ: ಲಾಕ್, ವರ್ಕ್, ವಾಕ್, ಬ್ಲಾಕ್, ಕ್ಲೋಕ್. ಆಮೇಲೆ ಯಾವ ಅಕ್ಷರ ಬಾಕಿ ಉಳಿಯಿತು ಅಂತ ಕೇಳಿ. ಲಾಕ್‌ನಲ್ಲಿ ಎಲ್, ಓ, ಕೆ ಬಂದಾಯಿತು, ಎ ಮತ್ತು ಆರ್ ಬೇಕು, ಹಿಂದೆ ಏನು ಸೇರಿಸಬಹುದು? ಏರ್ ಸೇರಿಸಿದರೆ ಏರ್‌ಲಾಕ್, ವಾರ್ ಸೇರಿಸಿದರೆ ವಾರ್‌ಲಾಕ್. ವರ್ಕ್‌ಗೆ ಎಲ್ ಮತ್ತು ಎ ಬೇಕು, ಅವೆರಡೂ ವರ್ಕ್‌ಲೋಡ್‌ನಲ್ಲೂ ವರ್ಕ್‌ಪ್ಲೇಸ್‌ನಲ್ಲೂ ಸಿಗುತ್ತವೆ. ವಾಕ್‌ಗೆ ಓ ಮತ್ತು ಆರ್ ಬೇಕು, ಕ್ರಾಸ್‌ವಾಕ್, ಬೋರ್ಡ್‌ವಾಕ್. ಬ್ಲಾಕ್‌ಗೆ ರೋಡ್ ಸೇರಿದರೆ ರೋಡ್‌ಬ್ಲಾಕ್. ಕ್ಲೋಕ್‌ನಲ್ಲಂತೂ ಆಗಲೇ ನಾಲ್ಕು ಅಕ್ಷರ ಇವೆ, ಒಂದು ಆರ್ ಸಿಕ್ಕರೆ ಸಾಕು, ರೈಲ್ವೆ ಸ್ಟೇಷನ್‌ನಲ್ಲಿ ಲಗೇಜ್ ಇಡುವ ಕ್ಲೋಕ್‌ರೂಮ್ ಬಂತು. ಎರಡು ಪದ ಕೂಡಿ ಆದ ಪದಗಳೇ ಇಲ್ಲಿ ಜಾಸ್ತಿ ಸಿಗುವುದನ್ನು ಗಮನಿಸಿ. ಇದು ಹೊಳೆದ ಮೇಲೆ ಮಕ್ಕಳು ನಿಮ್ಮನ್ನು ಕೇಳುವುದೇ ಇಲ್ಲ, ತಾವೇ ಜೋಡಿಸುತ್ತಾ ಹೋಗುತ್ತಾರೆ.

ಕಂಪ್ಯೂಟರ್‌ನಲ್ಲಿ ಮಾಡುವುದಾದರೆ ಒಂದು ಪದಪಟ್ಟಿ ಬೇಕು, ಅಷ್ಟೇ. ಸಾಲಿಗೊಂದು ಪದ ಇರುವ ಫೈಲ್ ಇದ್ದು, ಲಿನಕ್ಸ್ ಗೊತ್ತಿದ್ದರೆ ಗ್ರೆಪ್ ಅನ್ನುವ ಕಮಾಂಡ್ ಸಾಕು. ಕೆ ಇರುವ ಸಾಲುಗಳನ್ನು ಮಾತ್ರ ಉಳಿಸು ಅನ್ನಿ, ಬಂದದ್ದರಲ್ಲಿ ಓ ಇರುವುದನ್ನು ಮಾತ್ರ ಉಳಿಸು, ಹೀಗೆ ಐದು ಸಲ. ರಾಗಿ ಹಿಟ್ಟನ್ನು ಒಂದಾದ ಮೇಲೊಂದು ಜರಡಿಯಲ್ಲಿ ಹಿಡಿದ ಹಾಗೆ. ಕೊನೆಗೆ ಉಳಿದದ್ದೇ ಉತ್ತರ. ಎಕ್ಸೆಲ್ ಮಾತ್ರ ಗೊತ್ತು ಅನ್ನುವವರು ಪಟ್ಟಿಯನ್ನು ಒಂದು ಕಾಲಂಗೆ ಅಂಟಿಸಿ, ಫಿಲ್ಟರ್‌ನಲ್ಲಿ ‘ಕಂಟೇನ್ಸ್’ ಆಯ್ದು ಕೆ ಕೊಡಿ, ಬಂದದ್ದನ್ನು ಪಕ್ಕಕ್ಕೆ ಕಾಪಿ ಮಾಡಿ, ಮುಂದಿನ ಅಕ್ಷರಕ್ಕೆ ಹೋಗಿ. ಪದ ಹುಡುಕಿಕೊಡುವ ವೆಬ್‌ಸೈಟ್‌ಗಳೂ ಇವೆ. ಒನ್‌ಲುಕ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಆ ಜಾಗದಲ್ಲಿ ಎಷ್ಟು ಅಕ್ಷರ ಬೇಕಾದರೂ ಬರಬಹುದು, ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಒಂದೇ ಒಂದು ಅಕ್ಷರ. ಸೋಲಾರ್, ಪೋಲಾರ್ ತರಹದ ಸಾಲಾಗಿ ಬರುವ ಪದಗಳಿಗೆ ಅದು ತುಂಬಾ ಚೆನ್ನಾಗಿದೆ.

ಒಂದೇ ಅಕ್ಷರ ಎರಡು ಮೂರು ಸಲ ಬರುವಾಗ ಹುಷಾರು. ನಾಳೆ ತುಮಕೂರು ಅಂತ ಕೊಟ್ಟರೆ ಅದರಲ್ಲಿ ಯು ಮೂರು ಸಲ ಇದೆ. ಯು ಇರುವ ಪದ ಕೊಡು ಅಂತ ಕಂಪ್ಯೂಟರ್‌ಗೆ ಮೂರು ಸಲ ಹೇಳಿದರೂ ಸುಮ್ನೆ, ಒಂದೇ ಯು ಇರುವ ಪದವೂ ಮೂರೂ ಸಲ ಪಾಸಾಗಿ ಬರುತ್ತದೆ. ಯು, ಆಮೇಲೆ ಏನಾದರೂ, ಮತ್ತೆ ಯು, ಆಮೇಲೆ ಏನಾದರೂ, ಮತ್ತೆ ಯು ಅಂತ ಒಂದೇ ಸಲಕ್ಕೆ ಕೇಳಬೇಕು. ಆಗ ಅನ್‌ಯೂಶುವಲ್ ತರಹದ ಪದಗಳು ಮಾತ್ರ ಉಳಿಯುತ್ತವೆ.

ಕಂಪ್ಯೂಟರ್ ಕೊಟ್ಟ ಪಟ್ಟಿಯನ್ನು ಹಾಗೇ ನೋಟ್‌ಬುಕ್‌ಗೆ ಇಳಿಸಬೇಡಿ ಅಂತ ನನ್ನ ವಿನಂತಿ. ಮೊದಲು ಮಗು ತಾನೇ ಹುಡುಕಲಿ, ಆಮೇಲೆ ಪಟ್ಟಿ ತೆರೆದು ಬಿಟ್ಟುಹೋದದ್ದನ್ನು ನೋಡಲಿ. ಅರ್ಥ ಹೇಳಲು ಬರುವ ಪದವನ್ನು ಮಾತ್ರ ಸೇರಿಸಲಿ. ವಾರ್‌ಲಾಕ್ ಅಂದರೆ ಮಾಟಗಾರ. ಕ್ರಾಸ್‌ವಾಕ್ ಅಂತ ಅಮೆರಿಕದವರು ಕರೆಯುವುದು ನಾವು ಜೀಬ್ರಾ ಕ್ರಾಸಿಂಗ್ ಅನ್ನುವುದನ್ನೇ. ಬೋರ್ಡ್‌ವಾಕ್ ಅಂದರೆ ಹಲಗೆ ಹಾಸಿದ ಕಾಲುದಾರಿ, ಸಮುದ್ರದ ದಡದಲ್ಲಿ ಇರುತ್ತದಲ್ಲ, ಅದು.